ಗೆಳತಿಯ ಹುಟ್ಟುಹಬ್ಬಕ್ಕೆ ಒಂದು ರಾತ್ರಿ ರಜೆ!

ನಿಮ್ಮ ಕಳೆದ ಹುಟ್ಟುಹಬ್ಬವನ್ನು ಒಮ್ಮೆ ನೆನಪಿಸಿಕೊಳ್ಳಿ. ಅವತ್ತು ಬೆಳಿಗ್ಗೆ ಎಷ್ಟು ಗಂಟೆಗೆ ಎದ್ದಿರಿ? ಐದೂವರೆಗೇ ತಾನೇ? ಮಕ್ಕಳ ಡಬ್ಬಿ, ಯಜಮಾನರ ಡ್ಯೂಟಿ, ಅತ್ತೆಯ ಸಕ್ಕರೆ ಇಲ್ಲದ ಚಹಾ... ಇವು ಯಾವುದಕ್ಕೂ ನಿಮ್ಮ ಹುಟ್ಟುಹಬ್ಬದ ರಜೆ ಇಲ್ಲ. ಸಂಜೆ ಮನೆಯವರು ಪ್ರೀತಿಯಿಂದ ಕೇಕ್ ತಂದಿರುತ್ತಾರೆ. ಎಲ್ಲರೂ ಸುತ್ತ ನಿಂತು ಹಾಡಿ, ಫೋಟೊ ತೆಗೆದು, ಒಬ್ಬರ ಬಾಯಿಗೆ ಒಬ್ಬರು ತುಂಡು ಇಟ್ಟು ಸಂಭ್ರಮಿಸಿರುತ್ತಾರೆ. ಆಮೇಲೆ ಕ್ರೀಮ್ ಮೆತ್ತಿದ ಆ ತಟ್ಟೆಗಳನ್ನು ತೊಳೆದವರು ಯಾರು? ನೀವೇ!

ಇದನ್ನು ದೂರು ಅಂತ ಹೇಳುತ್ತಿಲ್ಲ ಗೆಳತಿಯರೇ. ನಮ್ಮ ಮನೆ, ನಮ್ಮ ಮಕ್ಕಳು, ನಾವು ಮಾಡದೆ ಇನ್ಯಾರು ಮಾಡಬೇಕು? ಆದರೆ ವರ್ಷದ 365 ದಿನಗಳಲ್ಲಿ ಒಂದು ರಾತ್ರಿ, ಒಂದೇ ಒಂದು ರಾತ್ರಿ, 'ನಾಳೆ ಬೆಳಿಗ್ಗೆ ತಿಂಡಿಗೇನು' ಅನ್ನುವ ಯೋಚನೆ ಇಲ್ಲದೆ ಮಲಗುವಂತಿದ್ದರೆ? ಅದಕ್ಕಿಂತ ದೊಡ್ಡ ಉಡುಗೊರೆ ಬೇಕೇ?

ಬಳ್ಳಾರಿಯ ನಮ್ಮ ಓಣಿಯ ನಾವು ಐವರು ಗೆಳತಿಯರು ಇಂಥದ್ದೊಂದು ಉಡುಗೊರೆ ಕೊಡಲು ಎರಡು ಸಲ ಪ್ರಯತ್ನಿಸಿದೆವು. ಮೊದಲನೆಯದು ನೆಲ ಕಚ್ಚಿತು. ಎರಡನೆಯದು ಗೆದ್ದಿತು. ನಮ್ಮ ಸೋಲು-ಗೆಲುವು ಎರಡರಿಂದಲೂ ನಿಮಗೆ ಉಪಯೋಗವಾದೀತು ಅಂತ ಇದನ್ನು ಬರೆಯುತ್ತಿದ್ದೇನೆ.

ಬಲೂನು ಕಟ್ಟಿದ್ದೆವು, ಮಾತ್ರೆ ಮರೆತಿದ್ದೆವು

ಎರಡು ವರ್ಷದ ಹಿಂದಿನ ಮಾತು. ನಮ್ಮೊಬ್ಬ ಗೆಳತಿಯ ಹುಟ್ಟುಹಬ್ಬಕ್ಕೆ ಊರ ಹೊರಗಿನ ಒಂದು ಹೋಟೆಲಿನಲ್ಲಿ ರೂಮು ಹಿಡಿದೆವು. ಬಲೂನು ಕಟ್ಟಿದೆವು, ಗೋಡೆಗೆ ಬಣ್ಣದ ಕಾಗದ ಅಂಟಿಸಿದೆವು. 'ಊಟಕ್ಕೆ ಹೋಗೋಣ ಬಾರೇ' ಅಂತ ಸುಳ್ಳು ಹೇಳಿ ಕರೆದುಕೊಂಡು ಹೋದೆವು. ಬಾಗಿಲು ತೆಗೆದವಳೇ ನಕ್ಕಳು, ಖುಷಿಪಟ್ಟಳು. 'ಇವತ್ತು ರಾತ್ರಿ ಇಲ್ಲೇ ಮಲಗೋದು!' ಅಂದೆವು ನೋಡಿ, ಮುಖವೇ ಇಳಿದುಹೋಯಿತು.

ಅಲ್ಲಿಂದ ಶುರುವಾಯಿತು ಫೋನು. 'ಫ್ರಿಜ್ಜಿನಲ್ಲಿ ದೋಸೆ ಹಿಟ್ಟಿದೆ, ಮೇಲಿನ ಡಬ್ಬಿ ಅಲ್ಲ, ಕೆಳಗಿನದು.' 'ಮಾವನವರ ಬಿಪಿ ಮಾತ್ರೆ ಕಪಾಟಿನ ಎರಡನೇ ಅರೆಯಲ್ಲಿದೆ, ಊಟ ಆದ ಮೇಲೆ ಕೊಡಿ.' 'ಪುಟ್ಟನಿಗೆ ನಾಳೆ ಡ್ರಾಯಿಂಗ್ ಶೀಟ್ ಬೇಕಂತೆ.' ಅವಳ ಊಟ ತಣ್ಣಗಾಯಿತು. ರಾತ್ರಿ ಒಂಬತ್ತೂವರೆಗೆ, 'ಬೇಜಾರು ಮಾಡ್ಕೋಬೇಡ್ರಿ, ನನ್ನ ಮನೆಗೆ ಬಿಟ್ಟುಬಿಡ್ರಿ' ಅಂದಳು. ಬಿಟ್ಟು ಬಂದೆವು. ಅವಳ ಮಾವನವರು 'ನನ್ನನ್ನು ಒಂದು ಮಾತು ಕೇಳಲಿಲ್ಲ' ಅಂತ ಒಂದು ತಿಂಗಳು ನಮ್ಮ ಜೊತೆ ಮಾತೇ ಆಡಲಿಲ್ಲ.

ತಪ್ಪು ಎಲ್ಲಾಯಿತು? ನಾವು ಸಿನಿಮಾದಲ್ಲಿ ನೋಡಿದಂತೆ ಸರ್ಪ್ರೈಸ್ ಮಾಡಲು ಹೊರಟಿದ್ದೆವು. ಆಫೀಸಿಗೆ ಹೋಗುವವರಿಗೆ ರಜೆ ಚೀಟಿ ಕೊಟ್ಟರೆ ಮುಗಿಯಿತು. ಗೃಹಿಣಿಯ ಕೆಲಸಕ್ಕೆ ಬದಲಿ ಆಳು ಇರುವುದಿಲ್ಲ. ಅವಳನ್ನು ಏಕಾಏಕಿ ಎತ್ತಿಕೊಂಡು ಹೋದರೆ ಅವಳ ಜೊತೆ ಅವಳ ಅಡುಗೆಮನೆಯೂ ಬರುತ್ತದೆ, ತಲೆಯೊಳಗೆ ಕುಳಿತು! ಹಾಗಾಗಿ ನಾವು ಕಲಿತ ಪಾಠ ಇಷ್ಟು: ಅಚ್ಚರಿ ಆಗಬೇಕಾದದ್ದು ಅವಳೊಬ್ಬಳಿಗೆ ಮಾತ್ರ, ಅವಳ ಮನೆಗಲ್ಲ.

ಗುಟ್ಟು ಒಬ್ಬಳಿಂದ ಮಾತ್ರ

ಹೋದ ಡಿಸೆಂಬರ್‌ನಲ್ಲಿ ನಮ್ಮ ಇನ್ನೊಬ್ಬ ಗೆಳತಿಗೆ ನಲವತ್ತು ತುಂಬಿತು. ಮದುವೆಯಾಗಿ ಹದಿನೇಳು ವರ್ಷ. ತವರು, ಬಂಧುಗಳ ಮದುವೆ, ಎರಡು ಹೆರಿಗೆಯ ಆಸ್ಪತ್ರೆ... ಇವಿಷ್ಟು ಬಿಟ್ಟರೆ ಒಂದು ರಾತ್ರಿಯೂ ಮನೆಯಿಂದ ಹೊರಗೆ ಮಲಗಿದವಳಲ್ಲ. ಅವಳ ಅತ್ತೆಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ಚುಚ್ಚುವುದೂ ಇವಳೇ. ಇವಳನ್ನು ಹೊರಗೆ ಕರೆದೊಯ್ಯುವುದು ಅಂದರೆ ಹುಡುಗಾಟವಲ್ಲ.

ಈ ಸಲ ಹದಿನೈದು ದಿನ ಮೊದಲೇ ಕೆಲಸ ಶುರು ಮಾಡಿದೆವು. ಮೊದಲು ಹೋಗಿದ್ದು ಅವಳ ಗಂಡನ ಹತ್ತಿರ ಅಲ್ಲ, ಅತ್ತೆಯ ಹತ್ತಿರ. ಅವಳು ಸಂತೆಗೆ ಹೋಗಿದ್ದ ಹೊತ್ತು ನೋಡಿ ಹೋದೆವು. ಬಯ್ಯುತ್ತಾರೇನೋ ಅಂತ ಎದೆ ಡವಗುಟ್ಟುತ್ತಿತ್ತು. ವಿಷಯ ಕೇಳಿದ ಆಯಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಲ್ಲಿ ಮಲಗಸ್ತೀರಿ ಆಕೀನ?" ಅಂದರು.

"ಸಿರುಗುಪ್ಪ ಕಡಿಗೆ ಅಮ್ಮ. ನಮ್ಮ ತವರು ಮನಿ ಕಣದಾಗ," ಅಂದಳು ನಮ್ಮಲ್ಲೊಬ್ಬಳು.

"ಕಣದಾಗ? ನಾನು ಕಣದಾಗ ಮಲಗಿ ನಲವತ್ತು ವರ್ಷದ ಮ್ಯಾಲಾತು. ಆಗೆಲ್ಲ ಎಳ್ಳಮಾವಾಸ್ಯಿಗೆ ಬಂಡಿ ಕಟ್ಟಿಕೊಂಡು ಹೊಲಕ್ಕ ಹೋದ್ರ ಅದ ನಮಗ ದೊಡ್ಡ ಟೂರು. ಕರಕೊಂಡು ಹೋಗ್ರಿ. ಬರುವಾಗ ಎರಡು ಸೇರು ಹೊಸ ಅಕ್ಕಿ ತರ್ರಿ ನನಗ!"

ಅರ್ಧ ಯುದ್ಧ ಅಲ್ಲೇ ಗೆದ್ದಿದ್ದೆವು. ಆಮೇಲೆ ಗಂಡನಿಗೆ, ಕೊನೆಗೆ ಹದಿನಾಲ್ಕು ವರ್ಷದ ಮಗಳಿಗೆ ಹೇಳಿದೆವು. ಸಣ್ಣ ಮಗನಿಗೆ ಮಾತ್ರ ಹೇಳಲಿಲ್ಲ, ಅವನ ಬಾಯಲ್ಲಿ ಬೇಳೆ ಬೇಯುವುದಿಲ್ಲ!

ಮಗಳು ಒಂದು 'ಮನೆ ಚೀಟಿ' ಬರೆದಳು. ನೀವೂ ಇದನ್ನು ಖಂಡಿತ ಮಾಡಿ. ಅಮ್ಮ ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ಏನೇನು ಮಾಡುತ್ತಾಳೆ ಅಂತ ಎರಡು ದಿನ ಗುಟ್ಟಾಗಿ ನೋಡಿ ಬರೆಯಬೇಕು. ಹಾಲಿನವನು ಎಷ್ಟು ಹೊತ್ತಿಗೆ ಬರುತ್ತಾನೆ, ಎಷ್ಟು ಪ್ಯಾಕೆಟ್, ಅಜ್ಜಿಗೆ ಇನ್ಸುಲಿನ್ ಊಟಕ್ಕೆ ಎಷ್ಟು ಮೊದಲು, ಹೆಪ್ಪು ಹಾಕುವುದು ಯಾವಾಗ, ಗ್ಯಾಸ್ ಸಿಲಿಂಡರ್ ಮುಗಿಯುವ ಹಾಗಿದೆಯೇ... ನಮ್ಮ ಬಳ್ಳಾರಿಯಲ್ಲಂತೂ ಮುಖ್ಯವಾದದ್ದು ಇನ್ನೊಂದಿದೆ. ಅವತ್ತು ನಳದ ನೀರು ಬರುವ ದಿನ ಅಲ್ಲ ತಾನೇ? ನೀರು ಬರುವ ದಿನ ಗೃಹಿಣಿಯನ್ನು ದೇವರು ಬಂದು ಕರೆದರೂ ಹೊರಡುವುದಿಲ್ಲ!

ಆ ಹುಡುಗಿಯ ಚೀಟಿ ಎರಡು ಪುಟ ಆಯಿತು. ಅದನ್ನು ನೋಡಿ ಅವಳ ಅಪ್ಪ, "ಇಷ್ಟೆಲ್ಲ ಮಾಡ್ತಾಳಾ?" ಅಂದರಂತೆ. ಹದಿನೇಳು ವರ್ಷದ ಮೇಲೆ ಕೇಳಿದ ಆ ಒಂದು ಪ್ರಶ್ನೆಯೇ ಒಂದು ಉಡುಗೊರೆ ಅಲ್ಲವೇ?

ಇನ್ಸುಲಿನ್ ವಿಷಯದಲ್ಲಿ ಮಾತ್ರ ಅಂದಾಜು ಬೇಡ. ಅವಳ ಗಂಡ ಒಂದು ವಾರ ಮೊದಲಿಂದಲೇ 'ನಾನೂ ಕಲೀಬೇಕು' ಅಂತ ಹೇಳಿ ಹೆಂಡತಿಯ ಕೈಯಿಂದಲೇ ಕಲಿತರು. ಅವಳಿಗೆ ಅನುಮಾನವೂ ಬರಲಿಲ್ಲ.

ಹುಟ್ಟಿದ ದಿನ ಮನೆಯವರಿಗೆ ಬಿಡಿ

ಅವಳ ಹುಟ್ಟುಹಬ್ಬ ಸೋಮವಾರ. ನಾವು ಆರಿಸಿಕೊಂಡದ್ದು ಅದರ ಹಿಂದಿನ ಶನಿವಾರ. ಇದಕ್ಕೆ ಮೂರು ಕಾರಣ. ಒಂದು, ಹುಟ್ಟಿದ ದಿನ ಗಂಡ-ಮಕ್ಕಳಿಗೂ ಅವಳು ಬೇಕು, ಅದನ್ನು ನಾವು ಕಿತ್ತುಕೊಳ್ಳಬಾರದು. ಎರಡು, ಮರುದಿನ ಭಾನುವಾರ, ಶಾಲೆ-ಆಫೀಸು ಇಲ್ಲ. ಮೂರು, ಎರಡು ದಿನ ಮೊದಲೇ ಯಾರು ಸರ್ಪ್ರೈಸ್ ಕೊಡುತ್ತಾರೆ? ಹಾಗಾಗಿ ಸುಳಿವೇ ಸಿಗುವುದಿಲ್ಲ.

ನೆಪಕ್ಕೆ ಏನು ಹೇಳುವುದು? ಪೂರ್ತಿ ಸುಳ್ಳು ಹೇಳಬೇಡಿ, ಅರ್ಧ ನಿಜ ಹೇಳಿ. ನಾವು 'ಕುರುಗೋಡು ದೊಡ್ಡಬಸಪ್ಪನ ದರ್ಶನಕ್ಕೆ ಹೋಗೋಣ, ಸಂಜೆ ವಾಪಸ್' ಅಂದಿದ್ದೆವು. ಮೊದಲರ್ಧ ಪೂರಾ ನಿಜ. ಬಳ್ಳಾರಿಯಿಂದ ಕುರುಗೋಡಿಗೆ ಸುಮಾರು 30 ಕಿಲೋಮೀಟರ್. ಮಧ್ಯಾಹ್ನ ಊಟ ಮುಗಿಸಿ ಬಸ್ಸು ಹತ್ತಿದೆವು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಬಸ್ಸಿನಲ್ಲಿ ನಮಗೆ ಟಿಕೆಟ್ ದುಡ್ಡಿಲ್ಲವಲ್ಲ, ಆಧಾರ್ ಕಾರ್ಡ್ ಮಾತ್ರ ಮರೆಯಬಾರದು.

ಕುರುಗೋಡಿಗೆ ನೀವು ಹೋಗಿಲ್ಲವಾದರೆ ಒಮ್ಮೆ ಹೋಗಿ ಬನ್ನಿ. ಹನ್ನೆರಡನೇ ಶತಮಾನದಲ್ಲಿ ಸಿಂದ ಅರಸರ ರಾಜಧಾನಿಯಾಗಿದ್ದ ಊರು. ಹಿಂದೆ ಬಂಡೆಗಳ ಗುಡ್ಡ, ಅದರ ಮೇಲೆ ಹಳೆಯ ಕೋಟೆಯ ಕುರುಹು. ದೊಡ್ಡಬಸವೇಶ್ವರ ಗುಡಿಯಲ್ಲಿ ಒಂದೇ ಕಲ್ಲಿನಲ್ಲಿ ಕಡೆದ ಬಸವಣ್ಣ. ಎದುರು ನಿಂತರೆ ಕತ್ತು ಎತ್ತಿಯೇ ನೋಡಬೇಕು, ಅಷ್ಟು ದೊಡ್ಡದು. ಫಾಲ್ಗುಣದ ಜಾತ್ರೆ, ತೇರಿನ ಹೊತ್ತಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಬೇರೆ ದಿನಗಳಲ್ಲಿ ಹೋದರೆ ನೆಮ್ಮದಿಯಾಗಿ ಕುಳಿತು ಬರಬಹುದು.

ಬೇಡ ಎನ್ನುವ ಹಕ್ಕೂ ಅವಳದೇ

ದರ್ಶನ ಮುಗಿಸಿ ಹೊರಗೆ ಕಟ್ಟೆಯ ಮೇಲೆ ಕುಳಿತೆವು. ಐದು ಗಂಟೆ. "ನಡೀರೇ, ಬಸ್ ಹೋಗ್ತದೆ, ಅತ್ತೆಗೆ ಇಂಜೆಕ್ಷನ್ ಹೊತ್ತಾಗ್ತದೆ," ಅಂತ ಅವಳು ಎದ್ದಳು. ಆಗ ಮಗಳು ಬರೆದುಕೊಟ್ಟಿದ್ದ ಪತ್ರವನ್ನು ಅವಳ ಕೈಗಿಟ್ಟೆವು. ಜೊತೆಗೆ ಮಗಳೇ ಗುಟ್ಟಾಗಿ ತುಂಬಿಕೊಟ್ಟ ಬ್ಯಾಗು. ಅದರಲ್ಲಿ ನೈಟಿ, ಸೀರೆ, ಟೂತ್‌ಬ್ರಷ್, ಕನ್ನಡಕ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತಗೊಳ್ಳುವ ಥೈರಾಯ್ಡ್ ಮಾತ್ರೆ, ಪ್ಯಾಡ್, ಸ್ವೆಟರ್, ಎಲ್ಲ ಇತ್ತು.

ಪತ್ರ ಓದಿದಳು. ನಾವು ನಗುತ್ತಾಳೆ ಅಂತ ಕಾಯುತ್ತಿದ್ದೆವು. ಅವಳು ನಗಲಿಲ್ಲ. ಕಣ್ಣು ತುಂಬಿಕೊಂಡಳು. ಅದು ಖುಷಿಯ ಕಣ್ಣೀರೂ ಆಗಿರಲಿಲ್ಲ.

"ನನ್ನೊಬ್ಬಳನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು, ಅಲ್ಲಾ?" ಅಂದಳು. ಆಮೇಲೆ ಸಣ್ಣ ದನಿಯಲ್ಲಿ, "ಹಂಗಾದ್ರೆ ನಾನಿಲ್ಲದಿದ್ರೂ ಮನೆ ನಡೀತದೆ ಅನ್ನಿ."

ನಮಗೆ ಏನು ಹೇಳಬೇಕೋ ತೋಚಲಿಲ್ಲ. ನಿಜ ಹೇಳಬೇಕೆಂದರೆ ಈ ಮಾತಿಗೆ ನಾವು ತಯಾರಾಗಿರಲೇ ಇಲ್ಲ. 'ನಾನಿಲ್ಲದಿದ್ದರೆ ಒಂದು ಕಡ್ಡಿಯೂ ಅಲ್ಲಾಡುವುದಿಲ್ಲ' ಅಂತ ನಾವು ಗೊಣಗುತ್ತೇವೆ. ಆದರೆ ಆ ಗೊಣಗಾಟದೊಳಗೆ ಒಂದು ಹೆಮ್ಮೆಯೂ ಇರುತ್ತದೆ, ಹೌದಲ್ಲವೇ? ಅದನ್ನು ಯಾರೋ ಸದ್ದಿಲ್ಲದೆ ತೆಗೆದು ಪಕ್ಕಕ್ಕಿಟ್ಟರೆ ಚುಚ್ಚುತ್ತದೆ. ನಮ್ಮಲ್ಲಿ ಹಿರಿಯಳಾದ ಅಕ್ಕ ಅವಳ ಪಕ್ಕ ಕುಳಿತು, "ನಡೀತದೆ ಅಂತಲ್ಲವೇ. ನಡೆಸೋದಕ್ಕೆ ಮೂರು ಮಂದಿ, ಎರಡು ಪುಟ ಚೀಟಿ ಬೇಕಾತು ನೋಡು!" ಅಂದಳು. ಚೀಟಿಯ ಫೋಟೊ ಮೊಬೈಲಿನಲ್ಲಿತ್ತು, ತೋರಿಸಿದಳು. 'ಅಮ್ಮ ಎಲ್ಲರೂ ಉಂಡ ಮೇಲೆ ಉಣ್ಣುತ್ತಾಳೆ, ಅದಕ್ಕೆ ಸಾರು ಉಳಿಸಬೇಕು' ಅಂತಲೂ ಆ ಹುಡುಗಿ ಬರೆದಿದ್ದಳು. ಅದನ್ನು ಓದಿ ಗೆಳತಿ ನಕ್ಕಳು.

ಆಗ ನಾವು ಹೇಳಿದೆವು: "ಈಗಲೂ ಬೇಡ ಅಂದ್ರೆ ಬಳ್ಳಾರಿ ಬಸ್ಸಿದೆ. ಎಲ್ಲರೂ ವಾಪಸ್ ಹೋಗೋಣ, ಬೇಜಾರಿಲ್ಲ." ಈ ಮಾತನ್ನು ನೀವು ತಪ್ಪದೆ ಹೇಳಬೇಕು. ಹೇಳುವುದಷ್ಟೇ ಅಲ್ಲ, ವಾಪಸ್ ಹೋಗುವ ದಾರಿ ನಿಜಕ್ಕೂ ಇರಬೇಕು. ಬೇಡ ಅನ್ನಲು ಆಗದ ಉಡುಗೊರೆ ಉಡುಗೊರೆಯಲ್ಲ, ಇನ್ನೊಂದು ಹೊರೆ.

ಅವಳು ಮನೆಗೆ ಒಂದು ಫೋನು ಮಾಡಿದಳು. ಒಂದೇ. ಅತ್ತೆ ಆ ಕಡೆಯಿಂದ, "ನನ್ನ ಅಕ್ಕಿ ಮರೀಬ್ಯಾಡ" ಅಂದರು!

ಕಣದ ಮೇಲೊಂದು ರಾತ್ರಿ

ಗೆಳತಿಯ ತವರಿನ ಅಣ್ಣ ಬೊಲೆರೊ ತಂದಿದ್ದರು. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ನೇರ ರಸ್ತೆಯಲ್ಲಿ 55-60 ಕಿಲೋಮೀಟರ್. ನಾವು ಕುರುಗೋಡಿನಿಂದ ಬಳಸು ದಾರಿ ಹಿಡಿದೆವು. ಕಾಲುವೆ ನೀರಿನ ಸೀಮೆ. ದಾರಿಯುದ್ದಕ್ಕೂ ಕೊಯ್ಲಾದ ಗದ್ದೆ, ರಸ್ತೆ ಬದಿಯಲ್ಲಿ ಹರವಿದ ನೆಲ್ಲು. ಸಿರುಗುಪ್ಪ ಅಂದರೆ 'ಸಿರಿಯ ಗುಪ್ಪೆ' ಅಂತ ಅರ್ಥ ಹೇಳುವುದುಂಟು. ಡಿಸೆಂಬರ್‌ನಲ್ಲಿ ಆ ಕಡೆ ಹೋದರೆ ಅದು ನಿಜ ಅನ್ನಿಸುತ್ತದೆ. ಎಲ್ಲಿ ನೋಡಿದರೂ ಭತ್ತದ ರಾಶಿ.

ಈಗ ಕೊಯ್ಯುವುದು, ಬಡಿಯುವುದು ಎಲ್ಲ ಯಂತ್ರವೇ. ಆದರೂ ಹಸಿ ನೆಲ್ಲು ಒಣಗಬೇಕಲ್ಲ, ಅದಕ್ಕೆ ಕಣ ಬೇಕೇ ಬೇಕು. ಒಣಗುವವರೆಗೆ ರಾತ್ರಿ ಯಾರಾದರೂ ರಾಶಿ ಕಾಯುತ್ತಾ ಕಣದಲ್ಲೇ ಮಲಗುತ್ತಾರೆ. ಸಾಮಾನ್ಯವಾಗಿ ಗಂಡಸರು. ಅವತ್ತು ಒಂದು ರಾತ್ರಿ ಆ ಡ್ಯೂಟಿ ನಮ್ಮದು! ಕಣ ಮನೆಯ ಹಿಂದೆಯೇ. ನಡುವೆ ಒಂದು ಬಾಗಿಲು. ಅಂಗಳದಲ್ಲಿ ಆ ಮನೆಯ ಅಣ್ಣಂದಿರು ಮಲಗಿದ್ದರು.

ಹುಣ್ಣಿಮೆ ಕಳೆದು ಎರಡು ದಿನವಾಗಿತ್ತು. ಚಂದ್ರ ಸ್ವಲ್ಪ ತಡವಾಗಿ ಎದ್ದ. ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಚಟ್ನಿ ಪುಡಿ, ಕೆನೆ ಮೊಸರು, ಕೊನೆಗೆ ಹೋಳಿಗೆ. ನಮ್ಮ ಕಡೆಯ ಬೆಳದಿಂಗಳೂಟ ನಿಮಗೆ ಗೊತ್ತೇ ಇದೆ. ನಾವು ರೊಟ್ಟಿ ಬಡಿಯಲು ಎದ್ದರೆ ಆ ಮನೆಯ ಅವ್ವ, "ಇವತ್ತು ಯಾರೂ ಒಲಿ ಮುಂದ ಬರಬ್ಯಾಡ್ರಿ" ಅಂತ ಗದರಿಸಿದರು. ಕೇಕ್ ಇರಲಿಲ್ಲ, ಮೇಣದಬತ್ತಿ ಇರಲಿಲ್ಲ. ಅವ್ವನೇ ಅವಳನ್ನು ಮಣೆ ಮೇಲೆ ಕೂರಿಸಿ, ಕುಂಕುಮ ಹಚ್ಚಿ ಆರತಿ ಬೆಳಗಿದರು. ನಲವತ್ತಕ್ಕೆ ದೀಪ ಆರಿಸುವುದಕ್ಕಿಂತ ದೀಪ ಬೆಳಗಿಸಿಕೊಳ್ಳುವುದೇ ಚೆಂದ, ಅಲ್ಲವೇ?

ಹೊರಸುಗಳನ್ನು ಸಾಲಾಗಿ ಹಾಕಿ, ಕೌದಿ ಹೊದ್ದು ಮಲಗಿದೆವು. ಶಾಲೆ ದಿನಗಳು, ಕಾಲೇಜಿನ ಹಾಡುಗಳು, ಹೇಳಲಾಗದೆ ಉಳಿದ ಮಾತುಗಳು, ಎಲ್ಲ ಹೊರಬಂದವು. ಡಿಗ್ರಿ ಮುಗಿಸಿ ಬಿ.ಎಡ್ ಮಾಡಬೇಕು ಅಂತ ಅವಳಿಗೆ ಆಸೆಯಿತ್ತು ಅನ್ನುವುದು ಹತ್ತು ವರ್ಷದ ಗೆಳೆತನದಲ್ಲಿ ಅವತ್ತೇ ನಮಗೆ ಗೊತ್ತಾದದ್ದು. ಹನ್ನೊಂದರ ಹೊತ್ತಿಗೆ ಅವಳು ಒಮ್ಮೆ, "ನಾಳೆ ಹಾಲು ಯಾರು ತಗೊಳ್ತಾರೆ?" ಅಂದಳು. "ನಿನ್ನ ಗಂಡ" ಅಂದೆವು. "ಹೆಪ್ಪು?" "ಮಗಳು." ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ನಿದ್ದೆ ಹೋಗಿದ್ದಳು. ಬೆಳಿಗ್ಗೆ ಬಿಸಿಲು ಮುಖಕ್ಕೆ ಬಿದ್ದಾಗಲೇ ಎದ್ದದ್ದು. ಗಂಟೆ ಏಳೂಕಾಲು. "ಅಯ್ಯೋ!" ಅಂತ ದಡಬಡಿಸಿ ಎದ್ದು ಕುಳಿತವಳು, ಎಲ್ಲಿದ್ದೇನೆ ಅಂತ ನೆನಪಾಗಿ ಮತ್ತೆ ಮಲಗಿಬಿಟ್ಟಳು!

ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು ಕೆಂಚನಗುಡ್ಡಕ್ಕೆ ಹೋದೆವು. ಸಿರುಗುಪ್ಪದ ಹತ್ತಿರ ತುಂಗಭದ್ರೆಯ ದಡದಲ್ಲಿರುವ ಊರು. ಗಂಗಾಧರೇಶ್ವರನ ಗುಡಿ, ಪಾಳುಬಿದ್ದ ಕೋಟೆ, ಎದುರಿಗೆ ನದಿ. ದಡದಲ್ಲಿ ಕುಳಿತು ನೋಡಿ ಬಂದೆವು, ನೀರಿಗಿಳಿಯಲಿಲ್ಲ. ತುಂಗಭದ್ರೆಯಲ್ಲಿ ಮೊಸಳೆಗಳಿವೆ, ನೆನಪಿರಲಿ.

ಮಧ್ಯಾಹ್ನ ಎರಡಕ್ಕೆ ಮನೆ ಸೇರಿದೆವು. ಗಂಡ ಮಾಡಿದ ಉಪ್ಪಿಟ್ಟಿಗೆ ಉಪ್ಪು ಎರಡು ಸಲ ಬಿದ್ದಿತ್ತಂತೆ. ಸಿಂಕಿನಲ್ಲಿ ಪಾತ್ರೆ ಹಾಗೇ ಇತ್ತು. ಆದರೆ ಅತ್ತೆಗೆ ಇನ್ಸುಲಿನ್ ಸರಿಯಾದ ಹೊತ್ತಿಗೆ ಸಿಕ್ಕಿತ್ತು, ಮಕ್ಕಳು ಉಂಡಿದ್ದರು. ಮನೆ ಬಿದ್ದಿರಲಿಲ್ಲ!

ನೀವು ಎಲ್ಲಿಗೆ ಹೋಗಬಹುದು?

'ನಮಗೆ ಸಿರುಗುಪ್ಪದಲ್ಲಿ ತವರಿಲ್ಲವಲ್ಲ' ಅನ್ನುತ್ತೀರಾ? ಬೇರೆ ದಾರಿಗಳಿವೆ.

ಕಾಡು ಇಷ್ಟಪಡುವವರಿಗೆ ದರೋಜಿ. 1994ರಲ್ಲಿ ಘೋಷಣೆಯಾದ ಕರಡಿಧಾಮ ಇದು. ಸಂಜೆ ಹೊತ್ತು ಬಂಡೆಗಳ ಸಂದಿಯಿಂದ ಕರಡಿಗಳು ಇಳಿದು ಬರುವುದನ್ನು ವೀಕ್ಷಣಾ ಗೋಪುರದಿಂದ ನೋಡಬಹುದು. ಧಾಮದೊಳಗೆ ರಾತ್ರಿ ಉಳಿಯುವಂತಿಲ್ಲ. ಹತ್ತಿರದ ಕಮಲಾಪುರದಲ್ಲಿ ಸರ್ಕಾರದ್ದೇ ಆದ ಜಂಗಲ್ ಲಾಡ್ಜಸ್‌ನ ರೆಸಾರ್ಟ್ ಇದೆ, ಪ್ರವಾಸೋದ್ಯಮ ನಿಗಮದ ಮಯೂರ ಭುವನೇಶ್ವರಿ ಹೋಟೆಲೂ ಇದೆ. ಜಂಗಲ್ ಲಾಡ್ಜಸ್‌ನದು ಊಟ, ಸಫಾರಿ ಸೇರಿದ ಪ್ಯಾಕೇಜ್, ಕೈ ಸ್ವಲ್ಪ ಬಿಗಿ ಇರುವವರಿಗೆ ದುಬಾರಿ. ದರ ಮೊದಲೇ ವಿಚಾರಿಸಿ. ಹಂಪಿ-ಕಮಲಾಪುರ 2021ರಿಂದ ವಿಜಯನಗರ ಜಿಲ್ಲೆಗೆ ಸೇರಿವೆ.

ಹಳೇ ಊರು ಇಷ್ಟಪಡುವವರಿಗೆ ಹಂಪಿಯ ಆಚೆ ದಡದ ಆನೆಗೊಂದಿ. ಅಲ್ಲಿ ಊರೊಳಗೇ ಹೋಮ್‌ಸ್ಟೇಗಳಿವೆ. ಬಾಳೆನಾರಿನಲ್ಲಿ ಬುಟ್ಟಿ, ಚೀಲ ಹೆಣೆಯುವ ಹೆಣ್ಣುಮಕ್ಕಳನ್ನೂ ನೋಡಿ ಬರಬಹುದು. ದೈವಭಕ್ತರಿಗೆ ಮಂತ್ರಾಲಯ ಇದ್ದೇ ಇದೆ. ಅದು ಆಂಧ್ರದಲ್ಲಿದೆ, ಶಕ್ತಿ ಯೋಜನೆಯ ಉಚಿತ ಪ್ರಯಾಣ ರಾಜ್ಯದೊಳಗೆ ಮಾತ್ರ ಅನ್ನುವುದು ಗೊತ್ತಿರಲಿ.

ಇವು ಯಾವುದೂ ಆಗದಿದ್ದರೆ? ಗೆಳತಿಯೊಬ್ಬಳ ಮನೆಯ ಮಾಳಿಗೆ! ತಮಾಷೆಯಲ್ಲ. ನಮ್ಮ ಬಳ್ಳಾರಿಯ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಫ್ಯಾನು, ಕೂಲರ್ ಇಲ್ಲದ ಕಾಲದಲ್ಲಿ ಮನೆಮಂದಿಯೆಲ್ಲ ಮಾಳಿಗೆ ಮೇಲೇ ಮಲಗುತ್ತಿರಲಿಲ್ಲವೇ? ಚಾಪೆ, ಹೊದಿಕೆ, ಮಜ್ಜಿಗೆ, ಚುರುಮುರಿ, ನಾಲ್ಕು ಗೆಳತಿಯರು. ಎರಡು ಓಣಿ ಆಚೆ ಇದ್ದರೂ 'ಮನೆಯಿಂದ ಹೊರಗೆ ಒಂದು ರಾತ್ರಿ' ಅಂದರೆ ಅದೇ ಸುಖ. ರಾತ್ರಿ ಉಳಿಯಲು ಮನೆಯವರು ಒಪ್ಪುವುದೇ ಇಲ್ಲ ಅನ್ನುವವರು ಬೆಳದಿಂಗಳೂಟ ಮುಗಿಸಿ ಹತ್ತಕ್ಕೆ ಮನೆ ಸೇರಿ. ಮುಂದಿನ ವರ್ಷ ಒಪ್ಪಿಯಾರು!

ಖರ್ಚೆಷ್ಟು?

ನಮ್ಮ ಲೆಕ್ಕ ಹೀಗಿತ್ತು. ಬಸ್ಸು ಉಚಿತ. ಬೊಲೆರೊಗೆ ಡೀಸೆಲ್ 900 ರೂಪಾಯಿ, ಆ ಮನೆಯ ಅವ್ವನಿಗೆ ಒಂದು ಸೀರೆ 800, ಹಣ್ಣು-ಹೂವು, ಹೋಳಿಗೆಗೆ ಸಾಮಾನು 460. ಒಟ್ಟು 2160. ನಾಲ್ವರು ಹಂಚಿಕೊಂಡರೆ ತಲೆಗೆ 540. ಪ್ರತಿ ತಿಂಗಳು ಒಬ್ಬೊಬ್ಬರು ನೂರು ರೂಪಾಯಿ ಒಂದು ಡಬ್ಬಿಗೆ ಹಾಕುತ್ತಾ ಬಂದರೆ ವರ್ಷಕ್ಕೊಂದು ಇಂಥ ರಾತ್ರಿ ಯಾರ ಕೈಗೂ ಭಾರವಾಗುವುದಿಲ್ಲ. ಯಜಮಾನರ ಮುಂದೆ ಕೈ ಚಾಚುವ ಪ್ರಸಂಗವೂ ಬರುವುದಿಲ್ಲ. ಯಾರದೋ ಮನೆಯಲ್ಲಿ ಉಳಿಯುವುದಾದರೆ ಬರಿಗೈಯಲ್ಲಿ ಮಾತ್ರ ಹೋಗಬೇಡಿ. ಅಲ್ಲಿಯೂ ಒಬ್ಬ ಗೃಹಿಣಿ ನಮಗಾಗಿ ರೊಟ್ಟಿ ಬಡಿಯುತ್ತಾಳೆ ಅನ್ನುವುದನ್ನು ಮರೆಯಬಾರದು.

ಇವಿಷ್ಟು ನೆನಪಿರಲಿ

* ಪರಿಚಯದವರ ಜಾಗವನ್ನೇ ಆರಿಸಿ. ಶೌಚಾಲಯ, ದೀಪ, ಮೊಬೈಲ್ ಸಿಗ್ನಲ್ ಇದೆಯೇ ಅಂತ ನಿಮ್ಮಲ್ಲೊಬ್ಬರು ಮೊದಲೇ ಹೋಗಿ ನೋಡಿ ಬನ್ನಿ. ಬಯಲಲ್ಲಿ ಮಲಗುವುದಾದರೂ ಮಳೆ ಬಂದರೆ ಒಳಗೆ ಹೋಗಲು ಒಂದು ಕೋಣೆ ಇರಲಿ.

* ಕಣ, ಬಣವೆ ಹತ್ತಿರ ಮೇಣದಬತ್ತಿ, ಪಟಾಕಿ, ಆಕಾಶಬುಟ್ಟಿ ಖಂಡಿತ ಬೇಡ. ಒಂದು ಕಿಡಿ ಸಾಕು, ರೈತನ ವರ್ಷದ ದುಡಿಮೆ ಬೂದಿಯಾದೀತು.

* ಕಾಳು ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು. ನೆಲದ ಮೇಲೆ ಮಲಗಬೇಡಿ, ಹೊರಸಿನ ಮೇಲೆ ಮಲಗಿ. ರಾತ್ರಿ ಟಾರ್ಚ್ ಇಲ್ಲದೆ ಕಾಲಿಡಬೇಡಿ, ಹುಲ್ಲಿನೊಳಗೆ ಕೈ ಹಾಕಬೇಡಿ. ಬೆಳಿಗ್ಗೆ ಚಪ್ಪಲಿ ಕೊಡವಿ ಹಾಕಿಕೊಳ್ಳಿ.

* ಗದ್ದೆ ಸೀಮೆಯಲ್ಲಿ ಸೊಳ್ಳೆ ಹೆಚ್ಚು. ಸೊಳ್ಳೆ ಪರದೆ ಅಥವಾ ಮುಲಾಮು ಒಯ್ಯಿರಿ. ಚಳಿಗಾಲದಲ್ಲಿ ಇಬ್ಬನಿ ಬೀಳುತ್ತದೆ, ತಲೆಗೆ ಸ್ಕಾರ್ಫ್ ಕಟ್ಟಿಕೊಳ್ಳಿ.

* ಅವಳ ಆರೋಗ್ಯ, ತಿಂಗಳ ದಿನ, ನಿತ್ಯದ ಮಾತ್ರೆ ಇವೆಲ್ಲ ಲೆಕ್ಕಕ್ಕಿರಲಿ. ಕತ್ತಲು, ಬಯಲು ಅಂದರೆ ಭಯಪಡುವವರನ್ನು ಕಣಕ್ಕೆ ಒಯ್ಯಬೇಡಿ. ಉಡುಗೊರೆ ಅವಳಿಗೆ, ನಮ್ಮ ಆಸೆಗಲ್ಲ.

* ಎಲ್ಲಿದ್ದೀರಿ, ಯಾರ ಗಾಡಿಯಲ್ಲಿ ಬಂದಿರಿ ಅನ್ನುವುದನ್ನು ಪ್ರತಿಯೊಬ್ಬರೂ ಮನೆಗೆ ತಿಳಿಸಿ. ತುರ್ತಿಗೆ 112, ಮಹಿಳಾ ಸಹಾಯವಾಣಿ 181 ಮೊಬೈಲಿನಲ್ಲಿರಲಿ.

* ಫೋಟೊ ಎಲ್ಲರಿಗೂ ಕಳಿಸುವ ಮೊದಲು ಅವಳನ್ನು ಕೇಳಿ. ನೈಟಿಯಲ್ಲಿ ಕೆದರಿದ ಕೂದಲಿನ ಫೋಟೊ ನಮಗೆ ತಮಾಷೆ, ಅವಳಿಗೆ ಮುಜುಗರ.

ಕೊನೆಗೊಂದು ಮಾತು

ಮರುದಿನ ಸೋಮವಾರ, ಅವಳ ನಿಜವಾದ ಹುಟ್ಟುಹಬ್ಬ. ಸಂಜೆ ಕೇಕ್ ಕತ್ತರಿಸಿದ ಮೇಲೆ ತಟ್ಟೆ ತೊಳೆಯಲು ಅವಳು ಎದ್ದಳಂತೆ. ಮಗಳು ತಡೆದು, "ಚೀಟಿಯಲ್ಲಿ ಇದು ಅಪ್ಪನ ಪಾಲಿಗಿದೆ" ಅಂದಳಂತೆ. ಆ ಎರಡು ಪುಟದ ಚೀಟಿ ಈಗಲೂ ಅವರ ಫ್ರಿಜ್ಜಿನ ಬಾಗಿಲ ಮೇಲಿದೆ. ಅದರಲ್ಲಿ ಕೆಲವು ಕೆಲಸಗಳ ಮುಂದೆ ಬೇರೆಯವರ ಹೆಸರು ಹಾಗೇ ಉಳಿದಿದೆ. ಅತ್ತೆಗೆ ಭಾನುವಾರದ ಇನ್ಸುಲಿನ್ ಈಗ ಮಗನದೇ ಕೆಲಸ. ಅವಳು ಬಿ.ಎಡ್ ಅರ್ಜಿಯ ಬಗ್ಗೆ ವಿಚಾರಿಸುತ್ತಿದ್ದಾಳೆ. ಆಗುತ್ತದೋ ಇಲ್ಲವೋ, ಕೇಳುವುದನ್ನಾದರೂ ಶುರು ಮಾಡಿದ್ದಾಳಲ್ಲ!

ಅತ್ತೆಯಂತೂ ಹೊಸ ಅಕ್ಕಿಯ ಅನ್ನ ಉಂಡು, "ಮುಂದಿನ ಸಲ ನನ್ನೂ ಕರಕೊಂಡು ಹೋಗ್ರಿ, ನನ್ನ ಹುಟ್ಟಿದ ದಿನ ನನಗ ಗೊತ್ತಿಲ್ಲ, ನೀವ ಒಂದು ದಿನ ಇಡ್ರಿ" ಅಂದಿದ್ದಾರೆ. ಎಳ್ಳಮಾವಾಸ್ಯೆಯೇ ಆಗಲಿ ಅಂತ ನಾವು ಈಗಾಗಲೇ ಡಬ್ಬಿಗೆ ದುಡ್ಡು ಹಾಕುತ್ತಿದ್ದೇವೆ.

ನಿಮ್ಮ ಬಳಗದಲ್ಲಿ ಮುಂದಿನ ಹುಟ್ಟುಹಬ್ಬ ಯಾರದ್ದು? ಅವಳ ಮನೆಯಲ್ಲಿ ನೀರು ಬರುವ ದಿನ ಯಾವುದು ಅಂತ ಇವತ್ತೇ ತಿಳಿದುಕೊಳ್ಳಿ. ಏನಂತೀರಾ?